ಎತ್ತದ ಹುರುಳಿ

ದೆವ್ವ, ಕಣಿ, ಶಕುನ ಇವನ್ನೆಲ್ಲ ನಾನು ನಂಬಿದವಳಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟರೂ ಅಷ್ಟು ಧೈರ್ಯವಿತ್ತು. ಈಗ ನಂಬುತ್ತೀಯಾ ಎಂದರೆ ಹೇಳಲಾರೆ. ನಡೆದದ್ದನ್ನಷ್ಟೇ ಬರೆಯುತ್ತೇನೆ.

ನನ್ನ ತಮ್ಮ ಶಿವು ದಪ್ಪ ಟೈರಿನ ಗೇರ್ ಸೈಕಲ್ಲಿನಲ್ಲಿ ತೆಂಗಿನ ತೋಟ, ಬದು, ಕಂದಿಕೆರೆ ಕಡೆಯ ಗುಡ್ಡ ಎಲ್ಲವನ್ನೂ ಹತ್ತಿ ಇಳಿಯುತ್ತಿದ್ದವನು. ಕೆಲವು ವರ್ಷಗಳ ಹಿಂದೆ ಅದನ್ನು ಮಾರಿ ತಿಪಟೂರಿನಿಂದ ರೇಸಿನ ಸೈಕಲ್ ತಂದ. ಬೆರಳಗಲದ ಟೈರು, ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್. ಬಗ್ಗಿ ಕೂತು ಕೂತು ಕುತ್ತಿಗೆ ನೋವು, ಅಂಗೈ ಜೋಮು. ಹಳೆಯದು ಕಲ್ಲು, ಗರಿ ಏನಿದ್ದರೂ ತುಳಿದುಕೊಂಡು ಹೋಗುತ್ತಿತ್ತು. ಇದು ಒಂದು ಹಿಡಿ ಮರಳಿಗೂ ಜಾರುತ್ತಿತ್ತು.

ನಮ್ಮಲ್ಲಿ ಹುರುಳಿ ಕಿತ್ತ ಮೇಲೆ ಟಾರ್ ರಸ್ತೆಗೆ ಹಾಸುತ್ತೇವೆ. ಬಸ್ಸು, ಲಾರಿ ತುಳಿದೇ ಒಕ್ಕಣೆಯಾಗುತ್ತದೆ. ಅಂದು ಇಳಿಜಾರಿನ ಬುಡದಲ್ಲಿ ನಾನೂ ಹಾಸಿದ್ದೆ.

"ಅಕ್ಕಾ, ನಾನು ವಾಪಸ್ ಬರೋದ್ರೊಳಗೆ ಎತ್ತುಬುಡು. ಇದು ಹಳೇ ಸೈಕಲ್ ಅಲ್ಲ, ಹುಳ್ಳಿ ಮೇಲೆ ಹತ್ತಿದ್ರೆ ನನ್ ಕತೆ ಮುಗೀತು" ಎಂದ.

"ಬಡಕಲು ಕುದುರೆ ತಂದವ್ನೆ, ಅದ್ಕೆ ನಾನು ದಾರಿ ಗುಡಿಸ್ಬೇಕಂತೆ! ಹೋಗ್ಲಾ, ಎತ್ತೀನಿ" ಎಂದು ನಕ್ಕೆ.

ಎತ್ತಲಿಲ್ಲ. ಇನ್ನೊಂದಷ್ಟು ಗಾಡಿ ಓಡಾಡಲಿ ಎಂಬ ಆಸೆ.

ಹೊತ್ತು ಇಳಿಯುವಾಗ ಹಿತ್ತಲಿಗೆ ನೀರು ಚಿಮುಕಿಸಿ, ಕೊಬ್ಬರಿ ಆರಿಸುತ್ತಾ ಕೂತಿದ್ದೆ. ಅವನ ಚಕ್ರದ ಟಿಕಟಿಕ ಸದ್ದು ಬೆನ್ನ ಹಿಂದೆ ಬಂದು ನಿಂತಿತು. "ಅಕ್ಕಾ, ಎತ್ತಿದ್ಯಾ?" ಎಂದು ಕೇಳಿದ. ತಿರುಗದೆಯೇ "ಎತ್ತಿದೀನಿ ಕಣೋ" ಎಂದು ಸುಳ್ಳು ಹೇಳಿದೆ. ಹೇಗೂ ಮನೆಗೆ ಬಂದಾಯಿತಲ್ಲ, ಇನ್ನೇನು ಎಂದುಕೊಂಡೆ.

ಒಳಗೆ ಹೋಗಿ ಕಾಫಿ ತಂದರೆ ಹಿತ್ತಲಲ್ಲಿ ಯಾರೂ ಇಲ್ಲ. ಹಸಿ ನೆಲದಲ್ಲಿ ಚಕ್ರದ ಗುರುತೂ ಇಲ್ಲ. ಅಷ್ಟರಲ್ಲಿ ಪಕ್ಕದ ತೋಟದ ರಂಗಣ್ಣ ಓಡಿ ಬಂದ. "ಅಕ್ಕೋ, ಶಿವು ಹುಳ್ಳಿ ಮೇಲೆ ಜಾರಿ ಬಿದ್ದವ್ನೆ, ಬಾರಕ್ಕೋ!"

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವನೇ ಶಿವು ಹೇಳಿದ: "ಇಳಿಜಾರಿನ ಮೇಲಿಂದ ಕೂಗಿ ಕೇಳ್ದೆ. ಕಿವಿ ಹತ್ರಾನೇ ಎತ್ತಿದೀನಿ ಅಂದ್ಯಲ್ಲಕ್ಕ. ಅದ್ಕೇ ಬ್ರೇಕ್ ಹಿಡೀಲಿಲ್ಲ."

ಆ ಇಳಿಜಾರಿಗೂ ನಮ್ಮ ಮನೆಗೂ ನಡುವೆ ಎರಡು ತೋಟಗಳಿವೆ. ಎಷ್ಟು ಕೂಗಿದರೂ ಕೇಳುವುದಿಲ್ಲ. ಅವನ ಫೋನು ಮನೆಯಲ್ಲೇ ಚಾರ್ಜಿಗೆ ಬಿದ್ದಿತ್ತು.

ತಲೆಗೆ ಪೆಟ್ಟು ಬಿದ್ದಿದೆ, ಹಾಗೆಲ್ಲ ಅನ್ನಿಸುತ್ತದೆ ಎಂದರು ಡಾಕ್ಟರು. ನಾನೂ ಹೌದೆಂದು ತಲೆಯಾಡಿಸಿದೆ.

ಈಗ ಅವನ ಎಡಗಾಲು ಮಡಚುವುದಿಲ್ಲ. ಸೈಕಲ್ಲಿನ ಮಾತು ಬಂದಾಗೆಲ್ಲ "ನಂದೇ ತಪ್ಪು ಬುಡಕ್ಕ, ಅದಕ್ಕೆ ನಾನು ಒಗ್ಗಲೇ ಇಲ್ಲ" ಎನ್ನುತ್ತಾನೆ. "ಎತ್ತಿದೀನಿ" ಎಂಬ ಮಾತು ನಾನು ಆಡಿದ್ದು ನಿಜ ಎಂದು ಅವನಿಗೆ ಇಂದಿಗೂ ಹೇಳಿಲ್ಲ. ಅಷ್ಟು ದೂರ ಅದು ಹೇಗೆ ತಲುಪಿತೋ ನನಗೆ ತಿಳಿಯದು. ಆ ಸಂಜೆ "ಇಲ್ಲ, ಎತ್ತಿಲ್ಲ" ಎಂದಿದ್ದರೆ ಅದೂ ತಲುಪುತ್ತಿತ್ತು. ಅಷ್ಟು ಮಾತ್ರ ಗೊತ್ತು.