ಕಳೆದುಹೋದವಳ ಊಟ

ಮೈಥಿಲಿ ಮೂರನೆಯ ಸಲ ಬೋಂಡ ಎಣ್ಣೆಗೆ ಬಿಡುವ ಹೊತ್ತಿಗೆ, ಹಾಲ್‌ನಲ್ಲಿ ಅವಳ ಗಂಡ ಹರಿಪ್ರಸಾದನ ವಿಮಾನ ಸ್ಪೇನಿನ ಇಬಿಜಾ ದ್ವೀಪದಲ್ಲಿ ಇಳಿದಿತ್ತು. ಅವನು ಫೋನಿನಲ್ಲಿದ್ದ ಫೋಟೋಗಳನ್ನು ಟಿವಿಗೆ ಹಾಕಿ, ಒಂದೊಂದನ್ನೇ ನಿಲ್ಲಿಸಿ ಕಥೆ ಹೇಳುತ್ತಿದ್ದ. ನೆದರ್‌ಲ್ಯಾಂಡ್ಸಿನ ಈ ಬೆಸ್ಟ್ ಎಂಬ ಊರಿನ ಕನ್ನಡದವರಲ್ಲಿ ಇದು ಒಂದು ಪದ್ಧತಿಯೇ ಆಗಿಬಿಟ್ಟಿದೆ. ಬೇಸಿಗೆಯಲ್ಲಿ ಎಲ್ಲಿಗಾದರೂ ಹೋಗಿಬಂದವರು ನವೆಂಬರಿನ ಭಾನುವಾರ, ಮಧ್ಯಾಹ್ನ ಮುಗಿಯುವ ಮೊದಲೇ ಕತ್ತಲಾಗುವ ದಿನಗಳಲ್ಲಿ, ಮೂರು ನಾಲ್ಕು ಜನರನ್ನು ಊಟಕ್ಕೆ ಕರೆದು ಸಮುದ್ರ ತೋರಿಸುತ್ತಾರೆ. ಹೋಗಿಬಂದ ಇಬ್ಬರಲ್ಲಿ ಒಬ್ಬರು ಟಿವಿ ಮುಂದೆ ಇರುತ್ತಾರೆ, ಇನ್ನೊಬ್ಬರು ಒಲೆ ಮುಂದೆ.

ಅಡುಗೆಮನೆಗೂ ಹಾಲ್‌ಗೂ ನಡುವೆ ಗಾಜಿನ ಬಾಗಿಲಿತ್ತು. ಎಣ್ಣೆಯ ವಾಸನೆ ಸೋಫಾಕ್ಕೆ ಹಿಡಿಯಬಾರದೆಂದು ಅವಳು ಅದನ್ನು ಮುಕ್ಕಾಲು ಎಳೆದುಕೊಂಡಿದ್ದಳು. ಅದರಾಚೆ ನೀಲಿ ನೀರು, ಬಿಳಿ ದೋಣಿಗಳು, ನಡುವೆ ಕಪ್ಪು ಕನ್ನಡಕ ಹಾಕಿಕೊಂಡ ಹರಿಪ್ರಸಾದ. ಫೋಟೋಗಳಲ್ಲಿ ಹೆಚ್ಚಾಗಿ ಅವನೇ ಇದ್ದ. ತೆಗೆದವಳು ಮೈಥಿಲಿ.

"ಎಂಥ ಚಂದ ಉಂಟು ಮಾರಾಯ್ರೆ! ನಮ್ಮನೆಯವರು ಮೂರು ವರ್ಷದಿಂದ ಸ್ವಿಟ್ಜರ್‌ಲ್ಯಾಂಡ್ ಅಂತ ಹೇಳ್ತಾನೇ ಇದ್ದಾರೆ" ಎಂದಳು ಸಂಪ್ರೀತಾ. ಉಡುಪಿ ಕಡೆಯವಳು. ಅವಳ ಗಂಡ ಮುರಳೀಧರ ಹರಿಪ್ರಸಾದನ ಜೊತೆ ಒಂದೇ ಆಫೀಸಿನಲ್ಲಿ ಕೆಲಸ ಮಾಡುತ್ತಾನೆ.

"ಹೇಳ್ತಾ ಇದ್ದೀನಲ್ಲ, ಅದೇ ದೊಡ್ಡದು" ಎಂದ ಮುರಳೀಧರ. ನಗು ಎದ್ದಿತು.

ಮೂರನೆಯ ಅತಿಥಿ ನಿಖಿತಾ. ಡೆಲ್ಫ್ಟ್‌ನಲ್ಲಿ ಓದುತ್ತಿರುವ ಬೆಂಗಳೂರಿನ ಹುಡುಗಿ, ಮೈಥಿಲಿಯ ಗೆಳತಿಯ ಮಗಳು. ಮನೆ ಊಟದ ಆಸೆಗೆ ರೈಲು ಹತ್ತಿ ಬಂದಿದ್ದಳು. "ಅಂಕಲ್, ಬ್ಯಾಕ್‌ಪ್ಯಾಕಿಂಗಾ? ನೀವಿಬ್ರೂನಾ? ಸೂಪರ್ ಕೂಲ್!" ಎಂದಳು.

"ಮತ್ತೆ? ಟೂರ್ ಪ್ಯಾಕೇಜ್‌ನಲ್ಲಿ ಹೋಗಿ ಬಸ್ಸಲ್ಲಿ ಕೂತ್ಕೊಳ್ಳೋಕೆ ನಾವೇನು ಮುದುಕರಾ? ಒಂದು ಬ್ಯಾಗು, ಒಂದು ಟೆಂಟು. ಫುಲ್ ಫ್ರೀ!"

ಮೈಥಿಲಿ ಬೋಂಡಗಳನ್ನು ಜಾಲರಿಯಲ್ಲಿ ಎತ್ತಿ ಎಣ್ಣೆ ಸೋರಲು ಬಿಟ್ಟಳು.

ಜೂನಿನಲ್ಲಿ ಇದೇ ಹಾಲ್‌ನಲ್ಲಿ ಅವನು ಈ ಮಾತು ಆಡಿದಾಗ ಅವಳಿಗೂ ಖುಷಿಯಾಗಿತ್ತು. ಸಿನಿಮಾ ನಟರು ತಮ್ಮ ಹಡಗು ತಂದು ನಿಲ್ಲಿಸುವ ದ್ವೀಪ. ಪಕ್ಕದ ಊರು ಐಂಡ್‌ಹೋವನ್‌ನಿಂದ ನೇರ ವಿಮಾನ. ಹನ್ನೊಂದು ವರ್ಷದಲ್ಲಿ ಅವರಿಬ್ಬರ ರಜೆಯೆಂದರೆ ಮೈಸೂರು. ಮೈಸೂರೆಂದರೆ ಎರಡು ಮನೆಗಳ ಅಡುಗೆಮನೆ. ಮಿಕ್ಕ ದಿನಗಳಲ್ಲಿ ಅವಳು ಒಂದು ಸಣ್ಣ ಕಂಪನಿಯಲ್ಲಿ ವಾರಕ್ಕೆ ನಾಲ್ಕು ದಿನ ಲೆಕ್ಕಪತ್ರದ ಕೆಲಸ ಮಾಡುತ್ತಾಳೆ. ವಾರದ ನಡುವೆ ಬುಧವಾರ ಅವಳಿಗೆ ರಜೆ. 'ಹೇಗೂ ನಿಂಗೆ ಬುಧವಾರ ರಜ ಇದೆಯಲ್ಲ' ಎನ್ನುವ ಮಾತಿನ ಮೇಲೆ ಬಟ್ಟೆ, ಬಾತ್‌ರೂಮು, ದಿನಸಿ, ಬಾಯ್ಲರ್ ರಿಪೇರಿಯವನು, ಅತ್ತೆಯ ವೀಡಿಯೊ ಕಾಲ್ ಎಲ್ಲವೂ ಆ ದಿನದೊಳಕ್ಕೆ ಬಂದು ಕೂತಿವೆ.

ಅದಕ್ಕೇ ಅವಳು ಕೇಳಿದ್ದಳು, "ಅಲ್ಲಿ ಊಟಕ್ಕೆ?"

"ರಜಾ ಕಣೇ! ಎಲ್ಲಾದ್ರೂ ಕೂತು ತಿಂದ್ರಾಯ್ತು. ನೀನು ಒಲೆ ಹತ್ರ ಹೋಗೋ ಹಾಗೇ ಇಲ್ಲ."

ಈ ಮಾತನ್ನು ಅವಳು ಎರಡು ದಿನ ನಂಬಿದಳು. ಮೂರನೆಯ ದಿನ ಅವನು ಹಲ್ಲುಜ್ಜುತ್ತ ಹೇಳಿದ: "ಯಾವುದಕ್ಕೂ ಆ ಸಣ್ಣ ಕುಕ್ಕರ್ ಇಟ್ಕೊಂಡ್ಬಿಡು. ಬರೀ ಬ್ರೆಡ್ಡು ತಿಂದ್ರೆ ನನ್ನ ಹೊಟ್ಟೆ ಗೊತ್ತಲ್ಲ."

ಅವನ ಬ್ಯಾಗಿನಲ್ಲಿ ಕ್ಯಾಮೆರಾ, ಅದರ ಮೂರು ಕಾಲಿನ ಸ್ಟ್ಯಾಂಡು, ನೀರೊಳಗೆ ನೋಡುವ ಕನ್ನಡಕ, ಟೆಂಟು. ಅವಳ ಬ್ಯಾಗಿನಲ್ಲಿ ಕುಕ್ಕರು. ಕುಕ್ಕರಿನೊಳಗೆ ಜಾಗ ಹಾಳಾಗದಂತೆ ಅಕ್ಕಿ, ಬೇಳೆ, ಹುಳಿಪುಡಿ, ಚಟ್ನಿಪುಡಿ. ಕುಕ್ಕರಿನ ಸುತ್ತ ಇಬ್ಬರ ಟವೆಲ್ಲು, ಅವನ ಮಾತ್ರೆ, ಬಟ್ಟೆ ಒಣಗಿಸುವ ಹಗ್ಗ, ಕ್ಲಿಪ್ಪು, ಸೋಪು.

"ಏರ್‌ಪೋರ್ಟ್ ಕಥೆ ಕೇಳಿ" ಎಂದು ಹಾಲ್‌ನಲ್ಲಿ ಹರಿಪ್ರಸಾದ ಶುರುಮಾಡಿದ. "ಸೆಕ್ಯೂರಿಟಿಯವನು ಇವಳ ಬ್ಯಾಗ್ ಸೈಡಿಗೆ ತಗೊಂಡ. ತೆಗೆದು ನೋಡಿದ್ರೆ ಕುಕ್ಕರ್! ವಿಶಲ್ ಕೈಲಿ ಹಿಡ್ಕೊಂಡು ತಿರುಗಿಸಿ ತಿರುಗಿಸಿ ನೋಡ್ತಾನೆ. ಏನು ಮಾಡೋದು ಹೇಳಿ ಈ ಹೆಂಗಸರಿಗೆ? ಇಬಿಜಾಗೆ ಕುಕ್ಕರ್!"

"ಅಯ್ಯೋ, ಆಂಟಿ!" ಎಂದು ನಿಖಿತಾ ನಕ್ಕಳು.

ಆ ದಿನ ಸೆಕ್ಯೂರಿಟಿಯವನಿಗೆ ಮೈಥಿಲಿ ಡಚ್ಚಿನಲ್ಲಿ ಅನ್ನ ಮಾಡುವುದು ಹೇಗೆಂದು ವಿವರಿಸುತ್ತಿದ್ದಾಗ ಹರಿಪ್ರಸಾದ ಆ ಬ್ಯಾಗು ಯಾರದೋ ಎಂಬಂತೆ ಮುಂದೆ ಹೋಗಿ ಅಂಗಡಿಯಲ್ಲಿ ಚಾಕೊಲೇಟು ನೋಡುತ್ತಿದ್ದ. ಈ ಭಾಗ ಕಥೆಯಲ್ಲಿ ಬರಲಿಲ್ಲ.

ಅವರು ಇಳಿದುಕೊಂಡ ಕ್ಯಾಂಪಿನಲ್ಲಿ ಪೈನ್ ಮರಗಳ ಕೆಳಗೆ ಸಾಲಾಗಿ ಟೆಂಟುಗಳು. ಇಳಿಜಾರಿನ ಕೊನೆಗೆ ಸಮುದ್ರ. ಅಲ್ಲಿನ ಅಂಗಡಿಯಲ್ಲಿ ಹರಿಪ್ರಸಾದ ಪುಟ್ಟ ಗ್ಯಾಸ್ ಒಲೆ ಕೊಂಡ. "ನೋಡು, ಬಯಲಲ್ಲಿ ಅಡುಗೆ. ಪಿಕ್ನಿಕ್ ಥರ ಇರುತ್ತೆ" ಎಂದು ಅವಳ ಮುಂದಿಟ್ಟು ನೀರಿಗಿಳಿದ. ಸಮುದ್ರದ ಗಾಳಿಗೆ ಒಲೆ ಮತ್ತೆ ಮತ್ತೆ ಆರುತ್ತಿತ್ತು. ಅವಳು ಬ್ಯಾಗನ್ನೇ ಅಡ್ಡ ಇಟ್ಟು, ಮಂಡಿಯೂರಿ ಕೂತು ಅನ್ನ ಬೇಯಿಸಿದಳು.

ಊಟವಾದ ಮೇಲೆ ಪಾತ್ರೆ ತೊಳೆಯಲು ಹೋದವಳು ಹೊರಗೇ ನಿಂತಳು. ಉದ್ದ ಚಪ್ಪರ, ಸಾಲಾಗಿ ಸಿಂಕುಗಳು, ಪ್ರತಿ ಸಿಂಕಿನ ಮುಂದೆ ಒಬ್ಬ ಗಂಡಸು. ಚಡ್ಡಿ ಹಾಕಿಕೊಂಡು, ಹೆಗಲ ಮೇಲೆ ಒರೆಸುವ ಬಟ್ಟೆ ಹಾಕಿಕೊಂಡು, ಮನೆಯಿಂದ ತಂದ ಪ್ಲಾಸ್ಟಿಕ್ ಟಬ್ಬಿನಲ್ಲಿ ತಟ್ಟೆ ಲೋಟ ಮುಳುಗಿಸಿ ತೊಳೆಯುತ್ತ ಫುಟ್‌ಬಾಲ್ ಮಾತಾಡುತ್ತಿದ್ದರು. ಹೆಚ್ಚಿನವರು ಡಚ್ಚರೇ. ಒಬ್ಬ ಮುದುಕ ಸರಿದು ಜಾಗ ಕೊಟ್ಟ. ಹೆಸರು ಹೆಂಕ್, ಊರು ಬಾಕ್ಸ್‌ಟೆಲ್, ಬೆಸ್ಟ್‌ನಿಂದ ರೈಲಿನಲ್ಲಿ ಒಂದೇ ಸ್ಟೇಷನ್. ಅವಳ ಡಚ್ಚು ಕೇಳಿ ಅವನಿಗೆ ಸಂತೋಷವಾಯಿತು.

"ನಿನ್ನ ಗಂಡನಿಗೆ ಹುಷಾರಿಲ್ಲವೇ?" ಎಂದು ಕೇಳಿದ.

ಅವನು ಕುಚೋದ್ಯ ಮಾಡುತ್ತಿರಲಿಲ್ಲ. ನಿಜವಾಗಿಯೂ ಕನಿಕರದಿಂದಲೇ ಕೇಳಿದ್ದ. ಮೈಥಿಲಿಯ ಬಾಯಿಗೆ ಬೇರೇನೂ ಬರಲಿಲ್ಲ. "ಹೌದು, ಸ್ವಲ್ಪ ಜ್ವರ" ಎಂದುಬಿಟ್ಟಳು.

ಮರುದಿನ ಬೆಳಗಿನ ಪಾತ್ರೆ ಹಿಡಿದು ಅವಳು ಅಲ್ಲಿಗೆ ಹೋದಾಗ, ಹರಿಪ್ರಸಾದ ಮೈಯೆಲ್ಲ ನೀರು ಸುರಿಸುತ್ತ, ಸಿಳ್ಳೆ ಹಾಕುತ್ತ ಅದೇ ಚಪ್ಪರದ ಮುಂದೆ ಹಾದುಹೋದ. ಹೆಂಕ್ ಅವನನ್ನು ನೋಡಿ ಕೈಯೆತ್ತಿ ನಕ್ಕ. "ಗುಣವಾಯಿತಲ್ಲ! ಹಾಗಾದರೆ ಇವತ್ತು ನಿನಗೆ ಬಿಡುವು."

ಅವಳ ಕೈಯಲ್ಲಿ ಕುಕ್ಕರ್ ಇತ್ತು, ತಳಕ್ಕೆ ಅನ್ನ ಹಿಡಿದಿತ್ತು. ಅದನ್ನು ಸಿಂಕಿನಲ್ಲಿ ಇಟ್ಟಳು. ನೀರು ಬಿಟ್ಟು ನೆನೆಯಲು ಇಟ್ಟಳು. "ನಾನು ಆಮೇಲೆ ಬರುತ್ತೇನೆ" ಎಂದು ಹೆಂಕ್‌ಗೆ ಹೇಳಿ, ಕೈ ಒರೆಸಿಕೊಂಡು, ಗೇಟಿನ ಬಳಿ ಬಂದು ನಿಂತ ಬಸ್ಸು ಹತ್ತಿದಳು. ಎಲ್ಲಿಗೆ ಹೋಗುತ್ತದೆಂದು ಡ್ರೈವರನ್ನು ಕೇಳಲಿಲ್ಲ.

ಬಸ್ಸು ಹಳೆಯ ಊರಿನ ಬುಡಕ್ಕೆ ತಂದು ಬಿಟ್ಟಿತು. ಅವಳು ಓಣಿಗಳಲ್ಲಿ ಮನಸ್ಸಿಗೆ ಬಂದಂತೆ ಹತ್ತಿದಳು, ಇಳಿದಳು. ಮಧ್ಯಾಹ್ನವಾದಾಗ ಸಮುದ್ರ ಕಾಣುವ ಒಂದು ಹೋಟೆಲಿನ ಹೊರಗೆ ಕೂತಳು. ಮೇಜಿನ ಮೇಲೆ ಇಬ್ಬರಿಗೆ ತಟ್ಟೆ ಹಾಕಿತ್ತು. ಬಡಿಸುವ ಹುಡುಗಿ ಬಂದು, "ಒಬ್ಬರೇನಾ?" ಎಂದು ಕೇಳಿ, ಎದುರಿನ ತಟ್ಟೆ, ಲೋಟ, ಫೋರ್ಕು ಎತ್ತಿಕೊಂಡು ಹೋದಳು. ಕೈ ಒರೆಸಿಕೊಳ್ಳಲು ಮಡಿಸಿಟ್ಟ ಕರವಸ್ತ್ರವೊಂದನ್ನು ಮರೆತಳು. ಅದು ಗಾಳಿಗೆ ಅಲುಗಾಡುತ್ತ ಅಲ್ಲೇ ಉಳಿಯಿತು.

ಫೋನು ಸದ್ದು ಮಾಡಿದ್ದು ಆಗ. ಹರಿಪ್ರಸಾದನ ಮೆಸೇಜು. 'ಲೈಟರ್ ಎಲ್ಲಿಟ್ಟಿದ್ದೀಯ?'

ಮೈಥಿಲಿ ತನಗೆ ತಾನೇ ಒಂದು ಕರಾರು ಮಾಡಿಕೊಂಡಳು: ಮುಂದಿನ ಮೆಸೇಜಿನಲ್ಲಿ ಅವನು ತನ್ನ ಬಗ್ಗೆ ಕೇಳಿದರೆ ಉತ್ತರ ಕೊಡುವುದು, ಇಲ್ಲಿಗೇ ಬನ್ನಿ ಎಂದು ಕರೆಯುವುದು. ಆ ಕರವಸ್ತ್ರದ ಮುಂದೆ ಅವನು ಕೂತಿರುವುದನ್ನು ಕಲ್ಪಿಸಿಕೊಂಡಳು ಕೂಡ.

'ನನ್ನ ಬ್ಲೂ ಟವೆಲ್?'

ಊಟ ಬಂತು. ಟೊಮೆಟೊ ಉಜ್ಜಿದ ಸುಟ್ಟ ಬ್ರೆಡ್ಡು, ಎಣ್ಣೆಯಲ್ಲಿ ಬಾಡಿಸಿ ಮೇಲೆ ಹರಳುಪ್ಪು ಉದುರಿಸಿದ ಪುಟ್ಟ ಹಸಿರು ಮೆಣಸಿನಕಾಯಿ. ಬಿಸಿಯಾಗಿತ್ತು. ತಾನು ಮಾಡದ ಅಡುಗೆ ಬಿಸಿಬಿಸಿಯಾಗಿ ತನ್ನ ಮುಂದೆ ಬಂದು ಕೂರುವುದು ಎಷ್ಟು ವಿಚಿತ್ರ! ತಟ್ಟೆ ಇಟ್ಟ ಹುಡುಗಿಗೆ ಅವಳು ಎರಡು ಸಲ ಥ್ಯಾಂಕ್ಸ್ ಹೇಳಿದಳು.

'ಅನ್ನ ಆಗ್ಲೇ ಮಾಡಿದ್ಯಾ, ಇಲ್ಲಾ ಈಗ ಇಡಬೇಕಾ?' ಎಂದು ಬಂತು. ಬಳಿಕ ಒಂದು ಮಿಸ್ಡ್ ಕಾಲ್. ಕಡೆಗೆ, 'ಎಲ್ಲಿದ್ದೀಯ?'

ಅವಳು ಒಡನೆಯೇ ಫೋನ್ ಎತ್ತಿಕೊಂಡಳು. ಹೋಟೆಲಿನ ಹೆಸರನ್ನು ಅರ್ಧ ಟೈಪ್ ಮಾಡಿದ್ದಳು. ಅಷ್ಟರಲ್ಲಿ ಅದರ ಕೆಳಗೇ ಇನ್ನೊಂದು ಮೂಡಿತು: 'ಹಸಿವಾಗ್ತಿದೆ ಕಣೇ.'

ಬರೆದದ್ದನ್ನು ಅಳಿಸಿ ಫೋನನ್ನು ಮಗುಚಿಟ್ಟಳು. ಮೆಣಸಿನಕಾಯಿಗೆ ಉಪ್ಪು ತುಸು ಜಾಸ್ತಿಯಾಗಿತ್ತು. ಚೆನ್ನಾಗಿದೆ ಆದರೆ ಉಪ್ಪು ಜಾಸ್ತಿ ಎಂದು ಹೇಳಲು ಎದುರಿಗೆ ಯಾರೂ ಇರಲಿಲ್ಲ. ತಟ್ಟೆ ಖಾಲಿಯಾಗುವವರೆಗೂ ಅವಳು ನಿಧಾನಕ್ಕೆ ತಿಂದಳು. ಪೂರಾ ರಜೆಯಲ್ಲಿ ಅವಳು ರಜೆಯಲ್ಲಿದ್ದದ್ದು ಅಷ್ಟು ಹೊತ್ತು. ಅಷ್ಟು ಹೊತ್ತೂ ಒಬ್ಬಳೇ ಇದ್ದಳು.

ಸಂಜೆ ಟೆಂಟಿಗೆ ಮರಳಿದಾಗ ಹರಿಪ್ರಸಾದ ಓಡಿಬಂದ. ಮುಖ ಬಿಳಚಿಕೊಂಡಿತ್ತು. "ದಾರಿ ತಪ್ಪಿತಾ?" ಎಂದ. ಅವಳು, "ಹೂಂ" ಎಂದಳು. ಒಂದು ಹೂಂ ಅಂದರೆ ಮುಗಿದುಹೋಗುತ್ತದೆ, ಬೇರೆ ಹೇಳಿದರೆ ರಾತ್ರಿಯವರೆಗೂ ಹೇಳಬೇಕು. ಒಲೆಯ ಪಕ್ಕ ಕುಕ್ಕರ್ ಬೋರಲು ಮಲಗಿತ್ತು, ಲಕಲಕ ಹೊಳೆಯುತ್ತ. ಅವಳು ಅದಕ್ಕೆ ಅಕ್ಕಿ ಹಾಕಿದಳು.

ಬೋಂಡದ ತಟ್ಟೆ ಹಿಡಿದು ಮೈಥಿಲಿ ಗಾಜಿನ ಬಾಗಿಲು ಸರಿಸಿದಾಗ ಟಿವಿಯ ತುಂಬ ಹೆಂಕ್ ಇದ್ದ. ಹೆಗಲ ಮೇಲೆ ಬಟ್ಟೆ, ಕೈಯಲ್ಲಿ ಅವಳ ಕುಕ್ಕರು. ಕ್ಯಾಮೆರಾ ನೋಡಿ ನಗುತ್ತಿದ್ದ.

"ಈ ಡಚ್ ಅಜ್ಜ ಯಾಕೋ ನಮ್ಮ ಕುಕ್ಕರ್ ತೊಳೀತಿದ್ದ! ಏನೇನೋ ಹೇಳ್ದ, ನಂಗೊಂದೂ ಅರ್ಥ ಆಗ್ಲಿಲ್ಲ" ಎಂದ ಹರಿಪ್ರಸಾದ. "ಅದೇ ದಿನ ನೋಡಿ ಇವಳು ಕಳೆದುಹೋಗಿದ್ದು. ಅಬ್ಬಬ್ಬಾ! ಕ್ಯಾಂಪೆಲ್ಲ ಹುಡುಕಿದೆ, ಬೀಚೆಲ್ಲ ಹುಡುಕಿದೆ. ಫೋನೂ ಎತ್ತಲ್ಲ. ಕೈಯಲ್ಲಿ ಮ್ಯಾಪ್ ಇದ್ರೂ ದಾರಿ ತಪ್ಪೋದು ಇವಳೊಬ್ಬಳೇ."

"ಪಾಪ, ಒಬ್ಬರೇ ಎಷ್ಟು ಹೆದ್ರಿದ್ರೋ ಏನೋ" ಎಂದ ಮುರಳೀಧರ.

"ಹೇಳೇ, ಎಲ್ಲಿಗೆ ಹೋಗ್ಬಿಟ್ಟಿದ್ದೆ?" ಎಂದ ಹರಿಪ್ರಸಾದ.

ಎಲ್ಲರೂ ಅವಳ ಕಡೆ ತಿರುಗಿದರು. ಆ ಮಧ್ಯಾಹ್ನ ಹೀಗೆಯೇ ಉಳಿದುಬಿಡುತ್ತದೆ ಎಂದು ಅವಳಿಗೆ ಹೊಳೆಯಿತು. ದೀಪಾವಳಿಗೊಮ್ಮೆ, ಯುಗಾದಿಗೊಮ್ಮೆ, ಮೈಥಿಲಿ ಕಳೆದುಹೋದ ಕಥೆ. ಅವಳಿಗೆಂದು ಇದ್ದದ್ದು ಅದೊಂದು.

"ನಾನು ಕಳೆದುಹೋಗಿರಲಿಲ್ಲ. ಊಟ ಮಾಡ್ತಿದ್ದೆ" ಎಂದಳು.

ಮುರಳೀಧರ ತೊಡೆ ತಟ್ಟಿಕೊಂಡು ನಕ್ಕ. "ಸೂಪರ್! ಗಂಡ ಬೀದಿ ಬೀದಿ ಹುಡುಕ್ತಿದ್ರೆ ಹೆಂಡತಿ ಊಟ ಮಾಡ್ತಿದ್ರಂತೆ!" ಹರಿಪ್ರಸಾದನೂ ನಕ್ಕ, ನಿಖಿತಾಳೂ ನಕ್ಕಳು. ಮುಂದಿನ ಫೋಟೋ ಬಂತು.

ಸಂಪ್ರೀತಾ ಮಾತ್ರ ನಗಲಿಲ್ಲ. ಊಟವಾದ ಮೇಲೆ ತಟ್ಟೆ ಎತ್ತುವ ನೆಪದಲ್ಲಿ ಮೈಥಿಲಿಯ ಹಿಂದೆಯೇ ಅಡುಗೆಮನೆಗೆ ಬಂದಳು. ದನಿ ತಗ್ಗಿಸಿ, "ನಿಜವಾ ಮಾರಾಯ್ತಿ? ಒಬ್ಳೇನಾ? ಎಂತ ತಿಂದದ್ದು?" ಎಂದು ಕೇಳಿದಳು.

ಆ ಮೆಣಸಿನಕಾಯಿ, ಆ ಹರಳುಪ್ಪು, ಆ ಕರವಸ್ತ್ರ ಎಲ್ಲ ಒಟ್ಟಿಗೆ ನಾಲಿಗೆಗೆ ಬಂದವು. "ಅದೇನಾಯ್ತು ಅಂದ್ರೆ…"

"ಸಂಪೂ, ನನ್ನ ಜಾಕೆಟ್ ಎಲ್ಲಿಟ್ಟೆ?" ಎಂದು ಮುರಳೀಧರ ಬಾಗಿಲ ಬಳಿಯಿಂದ ಕೂಗಿದ.

"ಬಂದೆ!" ಎಂದಳು ಸಂಪ್ರೀತಾ. ಮೈಥಿಲಿಯ ಮೊಣಕೈ ಒಮ್ಮೆ ಒತ್ತಿ ಹೋದಳು. ನಿಖಿತಾಳನ್ನು ಸ್ಟೇಷನ್ನಿಗೆ ಬಿಡುವುದು ಅವರ ಕಾರಿನಲ್ಲೇ ಆದ್ದರಿಂದ ಮೂವರೂ ಒಟ್ಟಿಗೆ ಹೊರಟರು.

ಬಾಗಿಲು ಹಾಕಿ ಬಂದ ಹರಿಪ್ರಸಾದ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತ. "ಊಟ ಮಾಡ್ತಿದ್ದೆ ಅಂದ್ಯಲ್ಲ, ಜೋಕ್ ತಾನೆ?"

"ಅಲ್ಲ."

"ಅಂದ್ರೆ ಫೋನ್ ನೋಡಿದ್ಯಾ?"

"ನೋಡಿದ್ದೆ."

"ನಾನೆಷ್ಟು ಹೆದರಿದ್ದೆ ಗೊತ್ತಾ ನಿಂಗೆ?"

"ಗೊತ್ತು ರೀ. ಮೊದಲು ಲೈಟರ್ ಹುಡುಕಿದ್ರಿ. ಆಮೇಲೆ ಟವೆಲ್ಲು. ಆಮೇಲೆ ಅನ್ನ. ಆಮೇಲೆ ಹೆದರಿದ್ರಿ."

"ಅವತ್ತೇ ಹೇಳಬಹುದಿತ್ತಲ್ಲ" ಎಂದ.

"ದಾರಿ ತಪ್ಪಿತಾ ಅಂತ ಕೇಳಿದ್ರಿ, ಹೂಂ ಅಂದೆ. ಬೇರೇನೂ ಕೇಳ್ಲಿಲ್ಲ ನೀವು."

ಈಗಲಾದರೂ ಕೇಳುತ್ತಾನೆಂದು ಅವಳು ಕಾದಳು. ಅವನು ಸಿಂಕಿನಲ್ಲಿದ್ದ ಪಾತ್ರೆಗಳ ರಾಶಿಯನ್ನೇ ನೋಡುತ್ತ ನಿಂತಿದ್ದ. ಮೈಥಿಲಿ ಏಪ್ರನ್ ಬಿಚ್ಚಿ ಕುರ್ಚಿಯ ಮೇಲೆ ಹಾಕಿ, ಅವನನ್ನು ದಾಟಿ ಹಾಲ್‌ಗೆ ಹೋಗಿ ಸೋಫಾದಲ್ಲಿ ಕೂತಳು. ಅತಿಥಿಗಳು ಕೂತ ಜಾಗ ಇನ್ನೂ ಬೆಚ್ಚಗಿತ್ತು. ಕಿಟಕಿಯಾಚೆ ಬೆಸ್ಟ್ ಕತ್ತಲಾಗಿತ್ತು. ಒಬ್ಬರು ಸೈಕಲ್ಲಿನ ದೀಪ ಹಾಕಿಕೊಂಡು ಹೋದರು.

ಒಳಗೆ ನಲ್ಲಿ ತಿರುಗಿದ ಸದ್ದಾಯಿತು, ಮತ್ತೆ ನಿಂತಿತು.

"ಮೈಥಿಲಿ," ಎಂದು ಕರೆದ.

ಅಂದು ಆ ಮೇಜಿನ ಮುಂದೆ ಕಾದ ಹಾಗೆಯೇ ಅವಳು ಮುಂದಿನ ಮಾತಿಗೆ ಕಾದಳು.

"ಪಾತ್ರೆ ಸೋಪು ಎಲ್ಲಿದೆ?"

ಸಿಂಕಿನ ಕೆಳಗೆ, ಎಡಗಡೆ, ಬಕೆಟ್ಟಿನ ಹಿಂದೆ. ಅವಳು ಹೇಳಲಿಲ್ಲ. ಒಂದು ಬೀರುವಿನ ಬಾಗಿಲು ತೆರೆದು ಮುಚ್ಚಿತು, ಇನ್ನೊಂದು ತೆರೆಯಿತು. ಟಿವಿಯಲ್ಲಿ ಫೋಟೋಗಳು ಮುಗಿದು ತಮ್ಮಷ್ಟಕ್ಕೆ ಮೊದಲಿನಿಂದ ಶುರುವಾಗಿದ್ದವು. ವಿಮಾನದ ರೆಕ್ಕೆ, ಮೋಡ, ಮೇಲಿನಿಂದ ಕಾಣುವ ದ್ವೀಪ, ಹರಿಪ್ರಸಾದ. ಮೈಥಿಲಿ ಕಾಲು ಮೇಲೆಳೆದುಕೊಂಡು, ತಾನು ಎಲ್ಲಾದರೂ ಬರುತ್ತೇನೋ ಎಂದು ನೋಡುತ್ತ ಕೂತಳು.