ಶಂಕ್ರವ್ವನ ಬೆರಳ ಗುರುತು

ನನಗೊಂದು ಚಟವಿದೆ. ಹೇಳಿಕೊಳ್ಳಲು ತುಸು ನಾಚಿಕೆ. ಅರ್ಜಿ ತುಂಬುವುದೆಂದರೆ ನನಗೆ ಬಲು ಇಷ್ಟ. ಗದಗಿನಲ್ಲಿ ಬಹಳ ವರ್ಷ ಟೈಪಿಂಗ್ ಶಾಲೆ ನಡೆಸಿದವನು ನಾನು. ಮುಂಡರಗಿ, ಲಕ್ಷ್ಮೇಶ್ವರಗಳಿಂದ ಬೆಳಗಿನ ಬಸ್ಸಿಗೆ ಬಂದು ಕಲಿತು ಹೋದವರು ಎಷ್ಟೋ ಮಂದಿ. ಕಂಪ್ಯೂಟರು ಬಂದಮೇಲೆ ನನ್ನ ಯಂತ್ರಗಳು ಗುಜರಿಗೆ ಹೋದವು, ಚಟ ಮಾತ್ರ ಉಳಿಯಿತು. ಈಗ ಬೆಟಗೇರಿಯ ನಮ್ಮ ಓಣಿಯಲ್ಲಿ ಯಾರಿಗೆ ಯಾವ ಆನ್‌ಲೈನ್ ಅರ್ಜಿ ಬೇಕಾದರೂ ನನ್ನ ಕಟ್ಟೆಗೇ ಬರುತ್ತಾರೆ. ನಾನೂ ಒಳಗೊಳಗೇ ಉಬ್ಬುತ್ತೇನೆ.

ಹಾಗೆ ಬಂದವಳು ಶಂಕ್ರವ್ವ, ಎರಡು ಮನೆ ಆಚೆಯ ಕೈಮಗ್ಗದ ನೇಕಾರಳು. ನಾರ್ವೆ ದೇಶದ ಒಂದು ನೇಯ್ಗೆ ಶಾಲೆಯವರು ಅವಳ ಮಗ್ಗದ ವಿಡಿಯೋ ನೋಡಿ, ಎರಡು ವರ್ಷ ಬಂದು ಕಲಿಸುತ್ತೀರಾ ಎಂದು ಕೇಳಿದ್ದರು. “ಇಷ್ಟ ದಿನಾ ನೇಯ್ಕೋಂತ ಬಂದೇನ್ರಿ ಮಾಸ್ತರ. ಕಲಿಸೂದು ಹೆಂಗಿರತೈತಿ ಅದನ್ನೂ ಒಮ್ಮಿ ನೋಡ್ಬೇಕು,” ಅಂದಳು. ನಲವತ್ತಾರರ ಹೆಂಗಸಿನ ಮುಖದಲ್ಲಿ ಅಂಥ ಆಸೆ ಕಂಡು ನನಗೆ ಬಹಳ ಖುಷಿಯಾಯಿತು.

ಸಂದರ್ಶನ ವಿಡಿಯೋ ಕರೆಯಲ್ಲಿ. ಅತ್ತ ಇಂಗ್ರಿಡ್ ಎಂಬ ಹಿರಿಯ ನೇಕಾರಳು, ಇತ್ತ ಶಂಕ್ರವ್ವ, ನಡುವೆ ದುಭಾಷಿಯಾಗಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ ನಾನು. ಇಂಗ್ರಿಡ್ ಹೆಚ್ಚು ಪ್ರಶ್ನೆ ಕೇಳಲಿಲ್ಲ. ಎರಡು ಎಳೆ ಕೂಡಿಸಿ ತೋರಿಸಿ ಎಂದಳು, ಅಷ್ಟೇ. ಶಂಕ್ರವ್ವ ಬೂದಿಯಲ್ಲಿ ಬೆರಳದ್ದಿ, ಎಳೆಗಳ ತುದಿ ಹೊಸೆದು, ಜಗ್ಗಿ ತೋರಿಸಿದಳು. ಇದಕ್ಕೆ ಕೆಚ್ಚುವುದು ಎನ್ನುತ್ತಾರೆ. ಮಗ್ಗದಲ್ಲಿ ಹಳೆಯ ಹಾಸು, ಅಂದರೆ ಉದ್ದೆಳೆಗಳ ಸುತ್ತು, ಮುಗಿದಾಗ ಅದರ ಕೊನೆಯ ಎಳೆಗಳನ್ನು ಕಿತ್ತೊಗೆಯುವುದಿಲ್ಲ. ಹೊಸ ಹಾಸಿನ ಸಾವಿರಾರು ಎಳೆಗಳನ್ನು ಒಂದೊಂದಾಗಿ ಅವಕ್ಕೇ ಹೊಸೆಯುತ್ತಾರೆ. ಒಬ್ಬರಿಂದಾಗುವ ಕೆಲಸವಲ್ಲ. ಯಾರ ಮನೆಗೆ ಹೊಸ ಹಾಸು ಬಂದರೂ ಓಣಿಯ ಹೆಂಗಸರು ಕರೆಯದೆಯೇ ಬಂದು ಕೂಡುತ್ತಾರೆ.

ಕೊನೆಗೆ, ನಿಮಗೇನಾದರೂ ಕೇಳುವುದಿದೆಯೇ ಎಂದಳು ಇಂಗ್ರಿಡ್. ಶಂಕ್ರವ್ವ, “ಅಲ್ಲಿ ನನ್ನ ಕೂಡ ಕೆಚ್ಚಾಕ ಯಾರರ ಬಂದು ಕುಂಡ್ರತಾರೇನ್ರಿ?” ಅಂದಳು.

ನನಗೆ ಕಸಿವಿಸಿಯಾಯಿತು. ಕೈಗೆ ಬಂದ ನೌಕರಿ ಇಂಥ ಪ್ರಶ್ನೆಯಿಂದ ಹೋದರೆ? ನಾನು ಟೈಪಿಂಗ್ ಕಾಲದ ಘನವಾದ ಇಂಗ್ಲಿಷಿನಲ್ಲಿ, ತಮ್ಮ ಸಂಸ್ಥೆಯಲ್ಲಿ ಸೇವೆ ಸಲ್ಲಿಸಲು ಈಕೆ ಕಾತರಳಾಗಿದ್ದಾಳೆ ಎಂದುಬಿಟ್ಟೆ. ಇಂಗ್ರಿಡ್ ತಲೆಯಾಡಿಸಿದಳು. “ಏನಂದ್ರರಿ?” ಎಂದಳು ಶಂಕ್ರವ್ವ. “ಹೂಂ ಅಂದ್ರು,” ಅಂದೆ. ಅರ್ಜಿ ತುಂಬುವವನ ಬುದ್ಧಿ ನೋಡಿ, ಖಾಲಿ ಜಾಗ ಕಂಡರೆ ಸುಳ್ಳಾದರೂ ಸರಿ ತುಂಬಬೇಕು.

ನೌಕರಿ ಸಿಕ್ಕಿತು. ವೀಸಾಕ್ಕೆ ಹತ್ತೂ ಬೆರಳಿನ ಗುರುತು ಕೊಡಬೇಕಿತ್ತು. ಹಿಂದೆ ಹೆಬ್ಬೆಟ್ಟು ಒತ್ತುವುದು ಅಕ್ಷರ ಬಾರದವರ ಪಾಡಾಗಿತ್ತು. ಸಹಿ ಕಲಿತ ದಿನ ನಮ್ಮಜ್ಜ ಮನೆಗೆಲ್ಲ ಪೇಡೆ ಹಂಚಿದ್ದನಂತೆ. ಈಗ ಪ್ರೊಫೆಸರರೂ ಗಾಜಿನ ಮೇಲೆ ಹೆಬ್ಬೆಟ್ಟು ಒತ್ತುತ್ತಾರೆ. ಅಜ್ಜನ ಪೇಡೆ ದಂಡವಾಯಿತಲ್ಲ ಎಂದು ನಗುತ್ತಲೇ ಶಂಕ್ರವ್ವನನ್ನು ಬೆಂಗಳೂರಿಗೆ ಕರೆದೊಯ್ದೆ.

ಯಂತ್ರಕ್ಕೆ ಅವಳ ಬೆರಳು ಕಾಣಲೇ ಇಲ್ಲ. ಒರೆಸಿದ್ದಾಯಿತು, ಎಣ್ಣೆ ಸವರಿದ್ದಾಯಿತು. ಮೂವತ್ತು ವರ್ಷ ಬೂದಿ ಹಚ್ಚಿ ಎಳೆ ಹೊಸೆದು ತುದಿಗಳು ನುಣುಪಾಗಿದ್ದವು. ಯಾವ ಬೆರಳು ನೋಡಿ ನೌಕರಿ ಕೊಟ್ಟರೋ ಅದೇ ಬೆರಳು ಬಾಗಿಲಲ್ಲಿ ಅಡ್ಡ ನಿಂತಿತ್ತು. ಕೌಂಟರಿನ ಹುಡುಗಿ ಪಾಪ, ಮೆತ್ತಗೆ ಹೇಳಿದಳು: ಮೂರು ವಾರ ಕೈಗೆ ಕೆಲಸ ಕೊಡಬೇಡಿ, ಗೆರೆ ಮೂಡಬಹುದು, ಇನ್ನೊಮ್ಮೆ ಬನ್ನಿ. ಅಷ್ಟರೊಳಗೆ ಆಗದಿದ್ದರೆ ಶಾಲೆ ತೆರೆಯುವ ಹೊತ್ತಿಗೆ ಶಂಕ್ರವ್ವ ತಲುಪುವಂತಿರಲಿಲ್ಲ.

ನಾನು ಕಾವಲಿಗೆ ಕೂತೆ. ಅವಳು ಪಾತ್ರೆ ಮುಟ್ಟಿದರೂ ಗದರಿದೆ. ಹದಿನೆಂಟನೆಯ ದಿನ ಅವಳ ಮನೆಗೆ ಬೀಗ. ಓಡಿಹೋಗಿ ನೋಡಿದರೆ, ಎದುರು ಮನೆಯ ದೇವಕ್ಕನ ಮಗ್ಗಕ್ಕೆ ಹೊಸ ಹಾಸು ಬಂದಿದೆ, ನಮ್ಮ ಶಂಕ್ರವ್ವ ನಾಲ್ವರ ನಡುವೆ ಕೂತು ಬೂದಿಗೈಯಲ್ಲಿ ಕೆಚ್ಚುತ್ತಿದ್ದಾಳೆ! ನಾನು ಸಿಟ್ಟಿನಿಂದ ಕೂಗಾಡಿದೆ.

“ದೇವಕ್ಕಗ ಕಣ್ಣ ಕಾಣಂಗಿಲ್ಲ. ನಾ ಬರಲಿಲ್ಲಂದ್ರ ಹೆಂಗ್ರಿ?” ಎಂದಳು ತಲೆಯೆತ್ತದೆ.

ದೇವಕ್ಕ ಕೆಚ್ಚಿದ ಸಾಲಿನ ಮೇಲೆ ಬೆರಳಾಡಿಸುತ್ತ, “ಇದು ಗೌರಿದು, ಬಿಗಿ ಭಾಳ. ಇದು ಶಂಕ್ರಿದು,” ಅಂದಳು. ನನ್ನ ಕಡೆ ತಿರುಗಿ, “ಈಕಿ ಬೆರಳ ಗುರುತು ಇಲ್ಲೈತಿ ನೋಡ್ರಿ ಮಾಸ್ತರ. ಆ ಮಿಷನ್ನಿಗೆ ಇದನ್ನ ತೋರಸ್ರಿ.”

ಮನೆಗೆ ಬಂದು ಇಂಗ್ರಿಡ್‌ಗೆ ಪತ್ರ ಟೈಪು ಮಾಡಿದೆ. ಜೀವಮಾನದಲ್ಲಿ ಮೊದಲ ಬಾರಿ ‘ಮಾನ್ಯರೇ’ ಇಲ್ಲದ ಪತ್ರ. ಬೂದಿ, ಬೆರಳು, ದೇವಕ್ಕನ ಕಣ್ಣು, ಎಲ್ಲ ಬರೆದೆ. ನಾನು ನುಂಗಿದ ಪ್ರಶ್ನೆಯನ್ನೂ ಬರೆದೆ.

ಮರುದಿನವೇ ಕರೆ ಬಂತು. ಇಂಗ್ರಿಡ್ ತನ್ನ ಹಸ್ತವನ್ನು ಪರದೆಗೆ ಒಡ್ಡಿದಳು. ಅದರ ತುದಿಗಳೂ ಸವೆದಿದ್ದವು. ವೀಸಾದವರಿಗೆ ತಾನೇ ಬರೆಯುವೆನೆಂದಳು. “ನಾವಿಲ್ಲಿ ಆರು ಜನ. ಯಾರಿಗೂ ಹಾಗೆ ಹೊಸೆಯಲು ಬರುವುದಿಲ್ಲ. ಕಲಿಸಿದರೆ ಜೊತೆಗೆ ಕೂರುತ್ತೇವೆ.” ಈ ಸಲ ಒಂದಕ್ಷರ ಬಿಡದೆ ಕನ್ನಡಕ್ಕೆ ತಂದೆ. ಮೊದಲ ಸಲ ಸುಳ್ಳು ಹೇಳಿದ್ದನ್ನೂ ಒಪ್ಪಿಕೊಂಡೆ. “ಅವತ್ತ ಗೊತ್ತಾಗಿತ್ತು ಬಿಡ್ರಿ, ನಿಮ್ಮ ಮಾತು ಉದ್ದ ಆತು,” ಎಂದಳು ಶಂಕ್ರವ್ವ.

ಎರಡನೆಯ ಸಲವೂ ಯಂತ್ರ ಒಲ್ಲೆ ಎಂದಿತು. ಆದರೆ ಕೌಂಟರಿನ ಹುಡುಗಿ ಒಳಗಿನಿಂದ ಒಬ್ಬ ಅಧಿಕಾರಿಯನ್ನು ಕರೆತಂದಳು. ಆತ ಇಂಗ್ರಿಡ್‌ಳ ಪತ್ರ ಓದಿ, ಶಂಕ್ರವ್ವನ ಕೈ ತಿರುಗಿಸಿ ನೋಡಿ, ಏನೋ ಬರೆದು ಸಹಿ ಹಾಕಿದ. ಯಂತ್ರವನ್ನು ಬಯ್ಯಲು ನನಗೆ ಮನಸ್ಸಿಲ್ಲ. ಮಗ್ಗದ ವಿಡಿಯೋ ತೋರಿಸಿದ್ದೂ ಯಂತ್ರವೇ, ಅದಿಲ್ಲದಿದ್ದರೆ ನಾರ್ವೆಗೆ ಬೆಟಗೇರಿ ಕಾಣುತ್ತಲೇ ಇರಲಿಲ್ಲ. ಹುಡುಕಿ ಕೊಡುವುದು ಅದಕ್ಕೆ ಗೊತ್ತು. ಕೈ ಹಿಡಿದು ನೋಡಲು ಮಾತ್ರ ಇನ್ನೊಬ್ಬರು ಎದ್ದು ಬರಬೇಕಾಯಿತು.

ಶಂಕ್ರವ್ವ ಹೋಗಿ ನಾಲ್ಕು ತಿಂಗಳಾದವು. ದಿನಾ ಫೋನು ಮಾಡುತ್ತಾಳೆ, ಎಲ್ಲ ಆರಾಮ ಎನ್ನುತ್ತಾಳೆ. ಆರಾಮ ಎನ್ನುವುದನ್ನು ನಮ್ಮ ಕಡೆ ಜ್ವರ ಬಂದವರೂ ಹೇಳುತ್ತಾರೆ. ನನಗೆ ನಂಬಿಕೆ ಬಂದಿರಲಿಲ್ಲ. ಹೋದ ವಾರ ಅಂಚೆಯಲ್ಲಿ ಒಂದು ಪೊಟ್ಟಣ ಬಂತು. ಒಳಗೆ ಹೊಸ ಹಾಸು ಕೆಚ್ಚಿದ ಸಾಲಿನ ಒಂದು ಗೇಣು ತುಂಡು, ಅಷ್ಟೇ. ದೇವಕ್ಕನ ಕೈಗಿಟ್ಟೆ.

ಅವಳು ಬಹಳ ಹೊತ್ತು ಬೆರಳಾಡಿಸಿದಳು. “ಇದು ಶಂಕ್ರಿದು. ಇದು ಆಕಿದಲ್ಲ, ಸಡ್ಲ ಐತಿ. ಇದು ಇನ್ಯಾರದೋ. ಇದು ಮತ್ತ ಬ್ಯಾರೆ…” ಹೀಗೆ ಕೊನೆಯವರೆಗೂ ಹೋಗಿ, ತುಂಡನ್ನು ಮಡಿಲಲ್ಲಿಟ್ಟುಕೊಂಡಳು.

“ಏಳು ಮಂದಿ ಕುಂತಾರ್ರಿ ಮಾಸ್ತರ.”