ಕಾಕುವಿಗೆ ಓದಿ ಹೇಳಿದ ಪ್ರೇಮಕಥೆ

ಹೋದ ವಾರ ಉಮರ್ಗಾದಿಂದ ಹೊರಟ ನಮ್ಮ ಬಸ್ಸು ತುರೋರಿ ಮುಟ್ಟುವ ಮೊದಲೇ ನಿಂತುಬಿಟ್ಟಿತು. ಹೆದ್ದಾರಿಯ ತುಂಬ ಕುರಿಗಳು. ಆಗಷ್ಟೇ ಮಳೆ ಬಿದ್ದಿತ್ತು. ತೊಯ್ದ ಉಣ್ಣೆಯ ವಾಸನೆ ಕಿಟಕಿಯೊಳಗೆ ನುಗ್ಗಿತು. ಪಕ್ಕದಲ್ಲಿ ಕೂತವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಕಿಟಕಿಯನ್ನು ಇನ್ನಷ್ಟು ಸರಿಸಿದೆ. ನಮ್ಮ ಎದುರು ಮನೆಯ ಕಾಕು ಮಳೆಗಾಲದಲ್ಲಿ ತಲೆಗೆ ಹಾಕಿಕೊಳ್ಳುತ್ತಿದ್ದ ಕಂಬಳಿಗೂ ಇದೇ ವಾಸನೆ ಇರುತ್ತಿತ್ತು...

ಓಣಿಗೆಲ್ಲ ಚಿಕ್ಕಮ್ಮನಾದ ಕಾಕು ವಲಾಂಡಿ ಕಡೆಯ ಕುರಿಗಾರರ ಮಗಳು, ಬೀರಪ್ಪನ ಒಕ್ಕಲು. ಗಂಡನೂ ಅದೇ ಬಳಗದವರು, ಆದರೆ ಕಲಬುರಗಿಯಲ್ಲಿ ಕನ್ನಡ ಎಂ.ಎ. ಮಾಡಿ ಬಂದು, ಗಡಿಯಾಚೆ ಕರ್ನಾಟಕದ ಒಂದು ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಮಾಸ್ತರರು. ಇವಳು ಬಾಯಿ ತೆರೆದರೆ ಓಣಿಯ ಆ ತುದಿಗೆ ಕೇಳಬೇಕು. ಅವರು ಮಾತಾಡಿದರೆ ಎದುರಿಗೆ ಕೂತವನೂ ಕಿವಿಗೊಡಬೇಕು. ಇವಳು ಬಾಯಲ್ಲಿ ಬೆರಳಿಟ್ಟು ಸೀಟಿ ಹೊಡೆದು ತರಕಾರಿ ಗಾಡಿ ನಿಲ್ಲಿಸುವವಳು. ಅವರು ಕುತ್ತಿಗೆಯವರೆಗೂ ಅಂಗಿಯ ಗುಂಡಿ ಹಾಕುವವರು. ಮಾಸ್ತರರದು ಬಹಳ ಮೆತ್ತನೆಯ ಸ್ವಭಾವ ಎಂದು ಊರೆಲ್ಲ ಹೊಗಳುತ್ತಿತ್ತು. ಮೆತ್ತಗೆ ಮಾತಾಡುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಅವರು ಒಂದು ಕಾದಂಬರಿ ಬರೆದರು. ಒಬ್ಬರಿಗೊಬ್ಬರು ಯಾವುದರಲ್ಲೂ ತಾಳೆಯಾಗದ ಗಂಡ ಹೆಂಡತಿ ಜಗಳಾಡುತ್ತಲೇ ಪ್ರೀತಿಯಲ್ಲಿ ಬೀಳುವ ತಿಳಿಹಾಸ್ಯದ ಕಥೆ. ನಾಯಕ ಮೌನಿ ಪ್ರಾಧ್ಯಾಪಕ, ನಾಯಕಿ ಸೀಟಿ ಹೊಡೆಯುವ ಕುರಿಗಾರರ ಹುಡುಗಿ. ಪುಸ್ತಕ ಅಚ್ಚಾಗಿ ಬಂದ ದಿನ ಕಾಕು ಒಂದು ಕೈಯಲ್ಲಿ ಪೇಢೆಯ ಡಬ್ಬಿ, ಇನ್ನೊಂದರಲ್ಲಿ ಪುಸ್ತಕದ ಕಟ್ಟು ಹಿಡಿದು ತಾನೇ ಮನೆಮನೆಗೆ ಹೋಗಿ ಹಂಚಿದಳು.

"ನಮ್ಮೋರು ನನ್ನ ಮ್ಯಾಲ ಬುಕ್ ಬರದಾರ್ರೀ!"

ಆ ಬುಕ್ಕನ್ನು ಓದಲು ಅವಳಿಗೆ ಬರುತ್ತಿರಲಿಲ್ಲ. ಮಹಾರಾಷ್ಟ್ರದ ಅಂಚಿನ ನಮ್ಮ ಕಡೆ ಇದೇನು ಹೊಸದಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಏಳನೆಯ ತರಗತಿಯವರೆಗೆ ಮರಾಠಿ ಕಲಿತ ಕಾಕುವಿಗೆ ಕನ್ನಡದ ಅಕ್ಷರ ಒಂದೂ ಗೊತ್ತಿರಲಿಲ್ಲ. ಓಣಿಯಲ್ಲಿ ಕನ್ನಡ ಓದಬಲ್ಲವರೆಂದರೆ ಬೀದರ, ಆಳಂದ ಕಡೆಯಿಂದ ಸೊಸೆಯಂದಿರಾಗಿ ಬಂದ ನಾವು ಕೆಲವರು. ಉಳಿದ ಸೊಸೆಯಂದಿರು ಓದಿದರು, ಓದಲು ಬಾರದವರಿಗೆ ಹೇಳಿದರು. ಅಂದಿನಿಂದ ಕಾಕು ನಲ್ಲಿಗೆ ಬಂದರೆ ಯಾರಾದರೊಬ್ಬಳು ಬೆನ್ನ ಹಿಂದೆ ಸೀಟಿ ಹೊಡೆಯುತ್ತಿದ್ದಳು, ಇನ್ನೊಬ್ಬಳು ಕುರಿಮರಿಯ ಹಾಗೆ ಅರಚುತ್ತಿದ್ದಳು. ಕಾಕು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ಎಲ್ಲರಿಗೂ ತನ್ನ ಮೇಲೆ ಪ್ರೀತಿ ಬಂದಿದೆ ಅಂದುಕೊಂಡಿದ್ದಳು, ಪಾಪದವಳು.

ಒಂದು ಮಧ್ಯಾಹ್ನ ಪುಸ್ತಕ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಗಂಡನನ್ನು ಓದಿ ಹೇಳಿರೆಂದು ಕೇಳಿದ್ದಳಂತೆ. "ನಿನಗ್ಯಾಕ ಅದು" ಅಂದರಂತೆ.

"ಸೂನಬಾಯಿ, ನೀ ಓದಿ ಹೇಳು. ಒಂದೂ ಬಿಡಬ್ಯಾಡ."

ಓಣಿಯ ಸೊಸೆಯಂದಿರನ್ನೆಲ್ಲ ಅವಳು ಹೀಗೇ ಮರಾಠಿಯಲ್ಲಿ ಸೂನಬಾಯಿ ಎನ್ನುವುದು. ನಾನೂ ಅದನ್ನು ಇನ್ನೂ ಓದಿರಲಿಲ್ಲ. ಶುರು ಮಾಡಿದೆ. ನಾಯಕಿಯ ಸೀಟಿ ಬಂತು, ಕಾಕು ತೊಡೆ ತಟ್ಟಿ ನಕ್ಕಳು. ನಾಯಕಿಯ ಗೊರಕೆ ಬಂತು, ಅದಕ್ಕೂ ನಕ್ಕಳು. "ನೀನಿಲ್ಲದ ಮನೆ ನನಗೆ ಬರೀ ಗೋಡೆ" ಎಂದು ನಾಯಕ ಹೇಳುವಲ್ಲಿ ಮಾತ್ರ ಕೈಯಡ್ಡ ಮಾಡಿದಳು.

"ಇದು ಯಾರಿಗಿ ಅಂದಾರ?"

"ನಿಮಗೇ ರೀ ಕಾಕು."

"ನನಗ? ಯಾವಾಗ?" ಎಂದು ಮತ್ತೆ ನಕ್ಕಳು. ಮನೆಗೆ ನಾಲ್ಕು ಜನ ಬಂದರೆ ಒಳಗೆ ಹೋಗೆಂದು ಹೆಂಡತಿಗೆ ಕಣ್ಣಲ್ಲೇ ಸನ್ನೆ ಮಾಡುವ ಗಂಡ ಅವರು. ಅದನ್ನು ನಾನೇ ಎಷ್ಟೋ ಸಲ ಕಂಡಿದ್ದೆ.

ಮರುದಿನ ಕುರಿಮರಿಯ ಪುಟ ಬಂತು. ನಾಯಕ ಕಾಲೇಜಿನಿಂದ ಬಂದು ನೋಡಿದರೆ ಅವನ ಹಾಸಿಗೆಯಲ್ಲಿ ಒಂದು ಕುರಿಮರಿ ಮಲಗಿದೆ. ಅದರ ತಲೆಗೆ ಎಳೆಗೂಸುಗಳಿಗೆ ಕಟ್ಟುವ ಕುಂಚಿಗೆ. ಪಕ್ಕದಲ್ಲಿ ಕೂತು ನಾಯಕಿ ಜೋಗುಳ ಹಾಡುತ್ತಿದ್ದಾಳೆ. ಮರಿ ಅವನ ಉತ್ತರಪತ್ರಿಕೆಗಳನ್ನೆಲ್ಲ ತಿಂದು ತೇಗುತ್ತಿದೆ. ಇಡೀ ಪುಸ್ತಕದಲ್ಲಿ ಜನ ಬಿದ್ದು ಬಿದ್ದು ನಕ್ಕ ಪುಟ ಅದು. ನನಗೂ ನಗು ಬಂತು. ತಲೆಯೆತ್ತಿದರೆ ಕಾಕು ನಗುತ್ತಿರಲಿಲ್ಲ.

"ಕೂಸಿಂದು ಎಲ್ಲಿ ಬರದಾರ?"

"ಯಾವ ಕೂಸು ರೀ?"

ಆಗ ಹೇಳಿದಳು. ನಾನು ಆ ಓಣಿಗೆ ಬರುವ ಮೊದಲಿನ ಮಾತು. ಒಂದು ಹೆಣ್ಣುಕೂಸು ಹುಟ್ಟಿತ್ತು, ತಿಂಗಳು ತುಂಬುವುದರೊಳಗೆ ಜ್ವರದಲ್ಲಿ ಹೋಯಿತು. ಅವಳು ಅನ್ನ ನೀರು ಬಿಟ್ಟು ಮಲಗಿದಾಗ ಅವಳ ಅಣ್ಣ ವಲಾಂಡಿಯಿಂದ ತಾಯಿ ಸತ್ತ ಮರಿಯೊಂದನ್ನು ತಂದು ಮಡಿಲಿಗೆ ಹಾಕಿ ಹೋದ. ಕುಂಚಿಗೆ ಕೂಸಿನದು. ಹೊಲಿದದ್ದು ಇವಳೇ.

"ಮುಂದ ಬರ್ತದೇನೋ... ಓದು."

ಓದಿದೆ, ಇನ್ನೂ ಎಷ್ಟೋ ಮಧ್ಯಾಹ್ನ. ಈಗ ಅವಳು ಯಾವುದಕ್ಕೂ ನಗಲಿಲ್ಲ, ಪ್ರೀತಿಯ ಮಾತು ಬಂದಾಗ ತಡೆಯಲೂ ಇಲ್ಲ. ಹೊಸ ಅಧ್ಯಾಯ ಶುರುವಾದರೆ ಮುಂದಕ್ಕೆ ಬಾಗಿ ಕೂರುತ್ತಿದ್ದಳು, ಕೂಸು ಈಗ ಬಂದೀತು ಎಂದು. ಕೊನೆಗೆ ನಾಯಕ ನಾಯಕಿ ಮರಿಯನ್ನು ನಡುವೆ ಕೂರಿಸಿಕೊಂಡು ಮೋಟಾರ್ ಸೈಕಲ್ ಹತ್ತಿ ನಗುನಗುತ್ತ ಹೊರಟುಹೋದರು.

"ಸಂಪ್ಲ ಕಾ? ಮುಗೀತೇನ?"

"ಮುಗೀತ್ರೀ ಕಾಕು."

ಅಂದು ಸಂಜೆ ಮಾಸ್ತರರು ಬಂದಾಗ ಅಂಗಳದಲ್ಲೇ ನಿಲ್ಲಿಸಿ ಕೇಳಿದಳು. ನಾನು ನಮ್ಮ ಬಾಗಿಲಲ್ಲಿದ್ದೆ.

"ಮರಿ ನಮ್ಮ ಮನಿಗಿ ಯಾಕ ಬಂತು ಅಂತ ಯಾಕ ಬರೀಲಿಲ್ರೀ?"

ಅವರು ಚಪ್ಪಲಿ ಬಿಟ್ಟು, ಗೋಡೆಗೆ ಜೋಡಿಸಿಟ್ಟು, ಎಂದಿನ ಮೆತ್ತನೆಯ ದನಿಯಲ್ಲೇ ಅಂದರು: "ಅದು ನಗಿ ಕಾದಂಬರಿ ಅದ. ಅದರಾಗ ಹೆಣ ಎಲ್ಲಿ ಇಡ್ಲಿ?"

ಕಾಕು ಅವರ ಕಾಲಿಗೆ ನೀರು ತಂದುಕೊಟ್ಟಳು. ನಾನಾಗಿದ್ದರೆ ತಂಬಿಗೆಯನ್ನೇ ಎಸೆಯುತ್ತಿದ್ದೆ.

ಮುಂದಿನ ವರ್ಷ ಉದಗೀರದ ಕನ್ನಡದವರು ಮಾಸ್ತರರಿಗೆ ಸತ್ಕಾರ ಇಟ್ಟುಕೊಂಡರು. ಕಾಕು ನನ್ನನ್ನೂ ಜೊತೆಗೆ ಕರೆದೊಯ್ದಳು. ಕಾರ್ಯಕ್ರಮ ನಡೆಸುತ್ತಿದ್ದವನಿಗೆ ಉತ್ಸಾಹ ಹೆಚ್ಚಾಗಿ, "ಕಾದಂಬರಿ ನಾಯಕಿ ಇಲ್ಲೇ ಕುಂತಾರ್ರೀ! ಅಕ್ಕಾರ, ಬರ್ರಿ, ಒಂದು ಸೀಟಿ ಆಗಲಿ" ಎಂದು ಕೂಗಿದ. ಕಾಕು ವೇದಿಕೆ ಹತ್ತಿದಳು. ಅವಳ ದನಿಗೆ ಮೈಕು ಬೇಕಿರಲಿಲ್ಲ, ಆದರೂ ಎರಡೂ ಕೈಯಲ್ಲಿ ಹಿಡಿದಳು.

"ಸೀಟಿ ಹೊಡಿಯಲ್ಲ. ಒಂದು ಮಾತ ಹೇಳ್ತೀನಿ. ಆ ಮರಿಗಿ ಕುಂಚಗಿ ಹಾಕಿದ್ದೆನಲ್ಲ..."

ಕುಂಚಗಿ ಎಂದದ್ದೇ ತಡ, ಸಭೆ ಹೋ ಎಂದು ನಕ್ಕಿತು. ಎಲ್ಲರೂ ಆ ಪುಟ ಓದಿದ್ದವರೇ. ಗಾಬರಿಯಾಗಿ ಮೈಕು ಕೆಳಗಿಳಿಸಿದ ಕಾಕು, "ಅದು ನನ್ನ ಕೂಸಿಂದು ಇತ್ತು" ಎಂದಳು. ಆ ನಗುವಿನ ನಡುವೆಯೂ ಮುಂದಿನ ಸಾಲಿನಲ್ಲಿದ್ದ ನನಗೆ ಕೇಳಿಸಿತು. ಪಕ್ಕದಲ್ಲೇ ಹಾರ ಹಾಕಿಕೊಂಡು ನಿಂತಿದ್ದ ಮಾಸ್ತರರಿಗೂ ಕೇಳಿಸಿತು. ಅವರು ಮೆಲ್ಲಗೆ ಮೈಕು ತೆಗೆದುಕೊಂಡು, "ನೋಡಿದ್ರಿಲ್ಲ, ನಾ ಬರದದ್ದು ಕಮ್ಮಿನೇ ಅದ" ಎಂದರು. ಸಭೆ ಮತ್ತೊಮ್ಮೆ ನಕ್ಕಿತು. ಆಮೇಲೆ ನಮ್ಮ ಓಣಿಯಲ್ಲಿ ತರಕಾರಿ ಗಾಡಿಗಳು ಕಾಕುವಿನ ಮನೆ ದಾಟಿ ಸುಮ್ಮನೆ ಹೋಗುತ್ತಿದ್ದವು...

ಕಾಕು ತೀರಿಕೊಂಡು ಈಗ ಕೆಲವು ವರ್ಷಗಳಾದವು. ಮಾಸ್ತರರು ಆ ಕಾದಂಬರಿಯನ್ನು ಮತ್ತೆ ಅಚ್ಚು ಹಾಕಿಸಿ ಅವಳಿಗೇ ಅರ್ಪಿಸಿದ್ದಾರೆ. "ನಗುವುದೊಂದನ್ನೇ ಬಲ್ಲ ನನ್ನವಳಿಗೆ" ಎಂದು ಮೊದಲ ಪುಟದಲ್ಲಿದೆ. ಮೊನ್ನೆ ನಿಲಂಗಾದಲ್ಲಿ ನಾದಿನಿಯ ಮನೆಯಲ್ಲಿ ಅದರ ಒಂದು ಪ್ರತಿ ಸಿಕ್ಕಿತು. ಊಟಕ್ಕೆ ಕರೆದರೂ ಏಳದೆ ಕೊನೆಯ ಪುಟದವರೆಗೂ ಹುಡುಕಿದೆ. ಕೂಸು ಈ ಸಲವೂ ಬಂದಿಲ್ಲ. ಬಂದಿದ್ದರೂ, ಓಡಿಹೋಗಿ ಓದಿ ಹೇಳೋಣವೆಂದರೆ ಕಾಕು ಇಲ್ಲ.